ಪ್ಲೇಟ್‌ಲೆಟ್ ಎರಡು ಲಕ್ಷ ಇದ್ದರೂ ಆಪರೇಷನ್ ಮುಂದಕ್ಕೆ ಹೋಗೋದು ಯಾಕೆ? ಹಾರ್ಟಿನ ಗುಳಿಗೆ ತಗೊಳ್ಳುವವರ ಮನೆಯಲ್ಲಿ ಗೊತ್ತಿರಬೇಕಾದ ವಿಷಯ

ಹೊನ್ನಾವರ: ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿದುಕೊಂಡ ಹಿರಿಯರು ಕರಾವಳಿಯ ಆಸ್ಪತ್ರೆಗಳಿಗೆ ಹೊಸಬರಲ್ಲ. ಎಕ್ಸ್‌ರೇ ಆಗುತ್ತದೆ, ರಕ್ತ ಪರೀಕ್ಷೆ ಆಗುತ್ತದೆ. ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ ಎರಡು ಲಕ್ಷದ ಮೇಲೆ, ಎಲ್ಲವೂ ನಾರ್ಮಲ್. ನಾಳೆ ಆಪರೇಷನ್ ಎಂದು ಮನೆಯವರು ಧೈರ್ಯವಾಗಿ ಕೂತಿರುವಾಗ ಅರಿವಳಿಕೆ ಡಾಕ್ಟರು ಬಂದು ಒಂದು ಪ್ರಶ್ನೆ ಕೇಳುತ್ತಾರೆ. "ಅಜ್ಜ ಎಂತ ಗುಳಿಗೆ ತಗೊಳ್ತಾರೆ?"

"ಹಾರ್ಟಿನದ್ದು ಡಾಕ್ಟ್ರೇ. ಬಿಳಿದು ಒಂದು, ಗುಲಾಬಿ ಬಣ್ಣದ್ದು ಒಂದು. ಚೀಟಿ ಮನೇಲಿ ಇದೆ."

"ಕೊನೇ ಗುಳಿಗೆ ಯಾವಾಗ ತಗೊಂಡಿದ್ದು?"

ಇದಕ್ಕೆ ಉತ್ತರ ಗೊತ್ತಿರುವವರು ಕಡಿಮೆ. ಉತ್ತರ ಗೊತ್ತಿಲ್ಲದಿದ್ದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ, ಇಲ್ಲವೇ "ಮಣಿಪಾಲಕ್ಕೆ ಕರ್ಕೊಂಡು ಹೋಗಿ" ಎಂಬ ಮಾತು ಬರುತ್ತದೆ. ರಿಪೋರ್ಟು ಸರಿ ಇದ್ದರೂ ಡಾಕ್ಟರು ಸುಮ್ಮನೆ ಹೆದರಿಸುತ್ತಾರೆ ಎಂದು ಮನೆಯವರು ಸಿಟ್ಟಾಗುತ್ತಾರೆ. ರಿಪೋರ್ಟು ಸರಿಯೇ ಇರುತ್ತದೆ. ಆದರೆ ಡಾಕ್ಟರಿಗೆ ಬೇಕಾಗಿರುವ ಉತ್ತರ ಆ ರಿಪೋರ್ಟಿನಲ್ಲಿ ಇರುವುದಿಲ್ಲ.

ಇಂಥ ಪ್ರಶ್ನೆ ಈಗ ಹೆಚ್ಚಾಗಿ ಕೇಳಿಬರುತ್ತಿರುವುದಕ್ಕೆ ಕಾರಣ ಇದೆ. ಹತ್ತು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸುವುದೆಂದರೆ ಜಮೀನು ಅಡವಿಡುವ ಮಾತು. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟಿನ ಬೆಲೆಗೆ ಮಿತಿ ಹಾಕಿತು. ಲಕ್ಷ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟಿನ ಮಿತಿ 30 ಸಾವಿರ ರೂಪಾಯಿಯ ಒಳಗೆ ಇಳಿಯಿತು. ಆಮೇಲೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಬಂತು. ಎದೆನೋವು ಬಂದವರಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಬಂತು. ಇದರಿಂದೆಲ್ಲ ಜೀವ ಉಳಿದಿದೆ. ಉಳಿದ ಜೀವಗಳೆಲ್ಲ ಈಗ ಗುಳಿಗೆ ಮೇಲಿವೆ. ಅವರಿಗೂ ವಯಸ್ಸಾಗುತ್ತದೆ, ಹರ್ನಿಯಾ ಬರುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುತ್ತದೆ, ಬೈಕಿನಿಂದ ಬೀಳುತ್ತಾರೆ.

ಎಣಿಕೆ ಬೇರೆ, ಕೆಲಸ ಬೇರೆ

ಪ್ಲೇಟ್‌ಲೆಟ್ ಅಂದರೆ ಏನು ಎಂದು ನಮ್ಮ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. ಡೆಂಗ್ಯೂ ಬಂದಾಗ ಬೆಳಿಗ್ಗೆ-ಸಂಜೆ ಕೌಂಟ್ ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠ ಆಗಿದೆ. ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆ ಕಂಡವರಿಗೂ ಗೊತ್ತು. ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇದ್ದರೆ ಸರಿ, ಇಳಿದರೆ ಅಪಾಯ. ಗಾಯವಾದ ಜಾಗಕ್ಕೆ ಈ ಪುಟ್ಟ ಕಣಗಳು ಓಡಿಬಂದು ಒಂದಕ್ಕೊಂದು ಅಂಟಿಕೊಂಡು ರಕ್ತನಾಳದ ತೂತಿಗೆ ಮೊದಲ ಬಿರಡೆ ಹಾಕುತ್ತವೆ.

ಆದರೆ ಕೌಂಟ್ ಹೇಳುವುದು ಎಷ್ಟಿವೆ ಎಂದು ಮಾತ್ರ. ಅವು ಕೆಲಸ ಮಾಡುತ್ತಿವೆಯಾ ಎಂದು ಹೇಳುವುದಿಲ್ಲ. ಜೂನ್-ಜುಲೈ ತಿಂಗಳಲ್ಲಿ ಭಟ್ಕಳ ಬಂದರಿಗೋ, ಕಾಸರಕೋಡು ಟೊಂಕಕ್ಕೋ, ತದಡಿಗೋ ಹೋಗಿ ಬೋಟ್ ಎಣಿಸಿದರೆ ಲೆಕ್ಕ ಪೂರ್ತಿ ಸಿಗುತ್ತದೆ. ಎಲ್ಲವೂ ದಡದಲ್ಲಿ ಕಟ್ಟಿರುತ್ತವೆ. ಮೀನುಗಾರಿಕೆ ನಿಷೇಧ ಇರುವುದರಿಂದ ಒಂದು ಬೋಟೂ ಕಡಲಿಗೆ ಇಳಿದಿರುವುದಿಲ್ಲ. ಎಣಿಕೆ ನೋಡಿ ಮಾರ್ಕೆಟ್ಟಿಗೆ ಮೀನು ಬರುತ್ತದೆ ಎಂದು ಕೂತರೆ ಹೇಗೋ, ಹಾರ್ಟಿನ ಗುಳಿಗೆ ತಗೊಳ್ಳುವವರ ಪ್ಲೇಟ್‌ಲೆಟ್ ಕೌಂಟ್ ನೋಡಿ ಆಪರೇಷನ್ ಟೇಬಲ್ ಮೇಲೆ ಮಲಗಿಸುವುದೂ ಹಾಗೇ.

ಗುಳಿಗೆಗಳ ಕೆಲಸವೇ ಅದು, ಬೋಟನ್ನು ದಡದಲ್ಲಿ ನಿಲ್ಲಿಸುವುದು. ಸ್ಟೆಂಟ್ ಎಂದರೆ ಲೋಹದ ಬಲೆ. ಹೊಸತರಲ್ಲಿ ರಕ್ತ ಅದನ್ನು ಹೊರಗಿನ ವಸ್ತು ಎಂದೇ ನೋಡುತ್ತದೆ, ಪ್ಲೇಟ್‌ಲೆಟ್‌ಗಳು ಅದರ ಮೇಲೆ ಗುಂಪು ಕಟ್ಟಲು ಹೊರಡುತ್ತವೆ. ಅದನ್ನು ತಡೆಯಲು ಸಾಮಾನ್ಯವಾಗಿ ಎರಡು ಔಷಧ ಕೊಡುತ್ತಾರೆ. ಒಂದು ಆಸ್ಪಿರಿನ್. ನಮ್ಮ ಕಡೆ ಇಕೋಸ್ಪ್ರಿನ್ ಹೆಸರಲ್ಲೇ ಎಲ್ಲರಿಗೂ ಗೊತ್ತು. ಇನ್ನೊಂದು ಕ್ಲೊಪಿಡೊಗ್ರೆಲ್, ಪ್ರಾಸುಗ್ರೆಲ್, ಟಿಕಾಗ್ರೆಲಾರ್ ಇವುಗಳಲ್ಲಿ ಒಂದು. ಕ್ಲೊಪಿಲೆಟ್, ಕ್ಲೊಪಿಟ್ಯಾಬ್, ಡೆಪ್ಲಾಟ್ ಎಲ್ಲ ಕ್ಲೊಪಿಡೊಗ್ರೆಲ್‌ನ ಬೇರೆ ಬೇರೆ ಕಂಪನಿ ಹೆಸರು. ಬ್ರಿಲಿಂಟಾ ಅಂದರೆ ಟಿಕಾಗ್ರೆಲಾರ್.

ಎರಡನ್ನೂ, ಕೆಲವೊಮ್ಮೆ ಕೊಲೆಸ್ಟ್ರಾಲ್ ಔಷಧವನ್ನೂ ಸೇರಿಸಿ ಒಂದೇ ಕ್ಯಾಪ್ಸೂಲ್ ಮಾಡಿರುವುದೂ ಇದೆ. ಇಕೋಸ್ಪ್ರಿನ್ ಗೋಲ್ಡ್ ಅಂಥದ್ದು. ಇಕೋಸ್ಪ್ರಿನ್ ಎವಿ ಎಂದರೆ ಆಸ್ಪಿರಿನ್ ಮತ್ತು ಕೊಲೆಸ್ಟ್ರಾಲ್ ಔಷಧ ಮಾತ್ರ. ಕೇಳಲು ಎರಡೂ ಒಂದೇ ಥರ. ಆದರೆ ಆಪರೇಷನ್ ವಿಷಯದಲ್ಲಿ ಆಕಾಶ-ಭೂಮಿ ವ್ಯತ್ಯಾಸ. ಆಸ್ಪತ್ರೆಯಲ್ಲಿ ಬರೀ "ಇಕೋಸ್ಪ್ರಿನ್ ತಗೊಳ್ತಾರೆ" ಅಂದರೆ ಸಾಲದು, ಸ್ಟ್ರಿಪ್ ತೋರಿಸಬೇಕು.

ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಪ್ರಾಸುಗ್ರೆಲ್ ಮೂರೂ ಪ್ಲೇಟ್‌ಲೆಟ್‌ಗೆ ಒಮ್ಮೆ ಅಂಟಿದರೆ ಮುಗಿಯಿತು, ಅದರ ಇಂಜಿನ್ ಮತ್ತೆ ಚಾಲೂ ಆಗುವುದಿಲ್ಲ. ಪ್ಲೇಟ್‌ಲೆಟ್‌ನ ಆಯುಷ್ಯ 7ರಿಂದ 10 ದಿನ. ಮೂಳೆಯ ಮಜ್ಜೆ ದಿನಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಹೊಸದನ್ನು ಬಿಡುತ್ತದೆ. ಗುಳಿಗೆ ನಿಲ್ಲಿಸಿದ ಮೇಲೆ ಹೊಸ ಬೋಟ್‌ಗಳು ಒಂದೊಂದಾಗಿ ನೀರಿಗೆ ಇಳಿದು ಲೆಕ್ಕ ಸರಿಹೋಗಲು ದಿನಗಳು ಬೇಕು. ಅದಕ್ಕೇ ದೊಡ್ಡ ಆಪರೇಷನ್‌ಗೆ ಮುಂಚೆ ಕ್ಲೊಪಿಡೊಗ್ರೆಲ್ ಆದರೆ 5 ದಿನ, ಪ್ರಾಸುಗ್ರೆಲ್ ಆದರೆ 7 ದಿನ ಬಿಡಿಸುವುದು ರೂಢಿ. ಟಿಕಾಗ್ರೆಲಾರ್ ಸ್ವಲ್ಪ ಬೇರೆ. ಅದು ಲಂಗರಿದ್ದ ಹಾಗೆ, ಎತ್ತಿದರೆ ಬೋಟ್ ಮತ್ತೆ ಹೊರಡುತ್ತದೆ. ಆದರೂ 3ರಿಂದ 5 ದಿನ ಎನ್ನುತ್ತಾರೆ.

ಕಿರಾಣಿ ಅಂಗಡಿಯವರಿಗೂ ಇಲ್ಲಿ ಒಂದು ಮಾತು. ತಲೆನೋವು ಅಂತ ಕೇಳಿದವರಿಗೆ ಡಬ್ಬಿಯಿಂದ ತೆಗೆದು ಕೊಡುವ ಡಿಸ್ಪ್ರಿನ್ ಕೂಡ ಆಸ್ಪಿರಿನ್ನೇ, ಅದೂ ಹಾರ್ಟಿಗೆ ಕೊಡುವ 75 ಮಿಲಿಗ್ರಾಮಿನ ನಾಲ್ಕು ಪಟ್ಟಿಗೂ ಹೆಚ್ಚು. ತಲೆನೋವು ಎರಡು ತಾಸಿನಲ್ಲಿ ಹೋಗುತ್ತದೆ, ಪ್ಲೇಟ್‌ಲೆಟ್ ಮೇಲಿನ ಪರಿಣಾಮ ವಾರ ಇರುತ್ತದೆ. ಮುಂದಿನ ವಾರ ಆಪರೇಷನ್ ಇರುವವರು "ನಾನು ಯಾವ ಹಾರ್ಟಿನ ಗುಳಿಗೆಯನ್ನೂ ತಗೊಳ್ಳಲ್ಲ" ಎಂದು ಡಾಕ್ಟರಿಗೆ ಪ್ರಾಮಾಣಿಕವಾಗಿಯೇ ಹೇಳಿರುತ್ತಾರೆ. ಡಿಸ್ಪ್ರಿನ್ ಅವರಿಗೆ ನೆನಪಿಗೇ ಬರುವುದಿಲ್ಲ.

ಬಿಟಿ-ಸಿಟಿ, ಪಿಟಿ-ಐಎನ್‌ಆರ್ ಮಾಡಿಸಿದ್ದೇವಲ್ಲ?

ಆಪರೇಷನ್‌ಗೆ ಮುಂಚೆ ಊರಿನ ಲ್ಯಾಬ್‌ಗಳಲ್ಲಿ ಮಾಡುವ ಪರೀಕ್ಷೆಯಲ್ಲಿ ಬಿಟಿ-ಸಿಟಿ ಎಂಬುದೊಂದು ಇರುತ್ತದೆ. ಕಿವಿಯ ಹಾಲೆಗೋ ಬೆರಳಿಗೋ ಚುಚ್ಚಿ, ಬ್ಲಾಟಿಂಗ್ ಪೇಪರ್‌ನಲ್ಲಿ ಒತ್ತುತ್ತಾ ಎಷ್ಟು ನಿಮಿಷಕ್ಕೆ ರಕ್ತ ನಿಂತಿತು ಎಂದು ನೋಡುವುದು. 1910ರಲ್ಲಿ ಅಮೆರಿಕದ ವೈದ್ಯ ಡ್ಯೂಕ್ ಹೇಳಿಕೊಟ್ಟ ವಿಧಾನ ಇದು. ನೂರು ವರ್ಷ ದಾಟಿದೆ. ಚುಚ್ಚಿದ ಆಳ, ಚರ್ಮದ ದಪ್ಪ, ಚುಚ್ಚಿದವರ ಕೈ ಎಲ್ಲದರ ಮೇಲೂ ಉತ್ತರ ಬದಲಾಗುತ್ತದೆ. ಆಪರೇಷನ್‌ನಲ್ಲಿ ಯಾರಿಗೆ ಹೆಚ್ಚು ರಕ್ತ ಹೋಗಬಹುದು ಎಂದು ಹೇಳಲು ಇದು ಪ್ರಯೋಜನಕ್ಕಿಲ್ಲ ಎಂಬುದು ವೈದ್ಯಲೋಕದಲ್ಲಿ ಬಹಳ ಹಿಂದೆಯೇ ತೀರ್ಮಾನವಾದ ಮಾತು. ಆದರೂ ರೂಢಿ ಬಿಟ್ಟಿಲ್ಲ. ರಿಪೋರ್ಟಿನಲ್ಲಿ "ಬಿಟಿ 2 ನಿಮಿಷ" ಎಂದು ಬರೆದಿದ್ದು ನೋಡಿ ಮನೆಯವರು ನಿರಾಳವಾಗುತ್ತಾರೆ. ಕ್ಲೊಪಿಡೊಗ್ರೆಲ್ ತಗೊಂಡವರಲ್ಲೂ ಅದು ನಾರ್ಮಲ್ ಬರಬಹುದು.

ಪಿಟಿ-ಐಎನ್‌ಆರ್ ಕಥೆ ಇನ್ನೊಂದು. ರಕ್ತ ಹೆಪ್ಪುಗಟ್ಟುವುದರಲ್ಲಿ ಎರಡು ಕೆಲಸ ಇದೆ. ಪ್ಲೇಟ್‌ಲೆಟ್ ಕಲ್ಲು ಪೇರಿಸುತ್ತದೆ, ರಕ್ತದಲ್ಲಿರುವ ಕೆಲವು ಪ್ರೋಟೀನ್‌ಗಳು ಗಾರೆ ಹಾಕುತ್ತವೆ. ಹೃದಯದ ವಾಲ್ವ್ ಬದಲಿಸಿಕೊಂಡವರು ತಗೊಳ್ಳುವ ಅಸಿಟ್ರಾಮ್, ವಾರ್ಫ್ ಮುಂತಾದ ಗುಳಿಗೆ ಗಾರೆಯನ್ನು ತೆಳು ಮಾಡುತ್ತವೆ. ಅದನ್ನು ಐಎನ್‌ಆರ್ ಚೆನ್ನಾಗಿ ಅಳೆಯುತ್ತದೆ. ಇಕೋಸ್ಪ್ರಿನ್, ಕ್ಲೊಪಿಡೊಗ್ರೆಲ್ ಕೈ ಹಾಕುವುದು ಕಲ್ಲಿಗೆ. ಅದು ಐಎನ್‌ಆರ್‌ಗೆ ಕಾಣುವುದೇ ಇಲ್ಲ. ಊರಲ್ಲಿ ಎರಡಕ್ಕೂ "ರಕ್ತ ತೆಳು ಮಾಡುವ ಗುಳಿಗೆ" ಎಂದೇ ಹೆಸರು. ಅರ್ಧ ಗೊಂದಲ ಹುಟ್ಟಿದ್ದೇ ಆ ಹೆಸರಿನಿಂದ.

ಹಾಗಾದರೆ ಪ್ಲೇಟ್‌ಲೆಟ್ ಕೆಲಸ ಮಾಡುತ್ತಿದೆಯಾ ಎಂದು ನೋಡುವ ಪರೀಕ್ಷೆ ಇಲ್ಲವಾ? ಇದೆ. ಇಂಗ್ಲಿಷಿನಲ್ಲಿ ಪ್ಲೇಟ್‌ಲೆಟ್ ಫಂಕ್ಷನ್ ಟೆಸ್ಟ್ ಅನ್ನುತ್ತಾರೆ. ಅದರ ಮೂಲ ವಿಧಾನವನ್ನು 1962ರಲ್ಲಿ ಗುಸ್ತಾವ್ ಬಾರ್ನ್ ಎಂಬ ವಿಜ್ಞಾನಿ ಬ್ರಿಟನ್ನಿನಲ್ಲಿ ಪ್ರಕಟಿಸಿದರು. ಇವರ ತಂದೆ ನೊಬೆಲ್ ಪಡೆದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಆ ತಂದೆ 1935-36ರಲ್ಲಿ ಸಿ.ವಿ. ರಾಮನ್ ಕರೆದರೆಂದು ಬಂದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಕೆಲವು ತಿಂಗಳು ಇದ್ದವರು.

ಮಗ ಕಂಡುಹಿಡಿದ ಪರೀಕ್ಷೆ ಅಡುಗೆಮನೆಯಲ್ಲಿ ಕಾಣುವಷ್ಟೇ ಸರಳ. ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಪ್ಲೇಟ್‌ಲೆಟ್ ತುಂಬಿದ ಮೇಲಿನ ತಿಳಿಯನ್ನು ತೆಗೆಯುತ್ತಾರೆ. ಅದು ಮಸುಕಾಗಿ, ನೀರು ಬೆರೆಸಿದ ಹಾಲಿನ ಹಾಗೆ ಇರುತ್ತದೆ. ಅದಕ್ಕೆ ಪ್ಲೇಟ್‌ಲೆಟ್‌ಗಳನ್ನು ಕೆರಳಿಸುವ ಒಂದು ರಾಸಾಯನಿಕ ಹಾಕುತ್ತಾರೆ. ಕೆಲಸ ಮಾಡುವ ಪ್ಲೇಟ್‌ಲೆಟ್ ಆದರೆ ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಹಾಲು ಒಡೆದಾಗ ಗಂಟು ಬೇರೆ, ನೀರು ಬೇರೆ ಆಗಿ ನೀರು ತಿಳಿಯಾಗುತ್ತದಲ್ಲ, ಹಾಗೆ. ತಿಳಿಯಾದ ಹಾಗೂ ಬೆಳಕು ಹೆಚ್ಚು ಹಾದುಹೋಗುತ್ತದೆ, ಅದನ್ನು ಯಂತ್ರ ಅಳೆಯುತ್ತದೆ. ಗುಳಿಗೆಯ ಪ್ರಭಾವ ಇದ್ದರೆ "ಹಾಲು" ಸರಿಯಾಗಿ ಒಡೆಯುವುದಿಲ್ಲ, ಬೆಳಕು ಅಷ್ಟಾಗಿ ಹಾಯುವುದಿಲ್ಲ.

ಈ ವಿಧಾನಕ್ಕೆ ನುರಿತ ಕೈ ಬೇಕು, ಸಮಯ ಬೇಕು. ಹಾಗಾಗಿ ಆಮೇಲೆ ಚಿಕ್ಕ ಯಂತ್ರಗಳು ಬಂದವು. ವೆರಿಫೈನೌ ಎಂಬುದರಲ್ಲಿ ರಕ್ತದ ಟ್ಯೂಬನ್ನು ಹಾಗೇ ಸಿಕ್ಕಿಸಿದರೆ ಕೆಲವು ನಿಮಿಷದಲ್ಲಿ ಒಂದು ಸಂಖ್ಯೆ ಕೊಡುತ್ತದೆ. ಮಲ್ಟಿಪ್ಲೇಟ್, ಟಿಇಜಿ ಎಂಬ ಬೇರೆ ಯಂತ್ರಗಳೂ ಇವೆ. ವೆರಿಫೈನೌನಲ್ಲಿ ಕ್ಲೊಪಿಡೊಗ್ರೆಲ್ ಥರದ ಗುಳಿಗೆಗೆ 208 ಎಂಬುದು ಪ್ರಸಿದ್ಧ ಗೆರೆ. ಅದಕ್ಕಿಂತ ಹೆಚ್ಚು ಬಂದರೆ ಗುಳಿಗೆ ಸಾಕಷ್ಟು ಹಿಡಿದಿಲ್ಲ ಎಂದರ್ಥ.

ಇದರಲ್ಲೊಂದು ತಮಾಷೆ ಇದೆ. ಅದೇ ದೊಡ್ಡ ಸಂಖ್ಯೆಯನ್ನು ನೋಡಿ ಹೃದಯದ ಡಾಕ್ಟರು ತಲೆ ಕೆರೆದುಕೊಳ್ಳುತ್ತಾರೆ, ಸರ್ಜನ್ ಉಸಿರು ಬಿಡುತ್ತಾರೆ. ಒಬ್ಬರಿಗೆ ಸ್ಟೆಂಟ್ ಕಟ್ಟಿಕೊಳ್ಳುವ ಭಯ, ಇನ್ನೊಬ್ಬರಿಗೆ ರಕ್ತ ನಿಲ್ಲದ ಭಯ. ರೋಗಿ ನಡುವೆ.

ಪರೀಕ್ಷೆಗೆ ಬೆಲೆ ಬರುವುದು ಮನುಷ್ಯರು ಒಂದೇ ಥರ ಇಲ್ಲ ಎಂಬ ಕಾರಣಕ್ಕೆ. ಕ್ಲೊಪಿಡೊಗ್ರೆಲ್ ಹೊಟ್ಟೆಗೆ ಹೋದ ಕೂಡಲೇ ಕೆಲಸ ಮಾಡುವುದಿಲ್ಲ. ಪಿತ್ತಜನಕಾಂಗ ಅದನ್ನು ಬದಲಿಸಿ ಕೊಡಬೇಕು. ಆ ಬದಲಾವಣೆ ಮಾಡುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಮಂದ. ದಕ್ಷಿಣ ಏಷ್ಯಾದವರಲ್ಲಿ ಇಂಥವರು ಕಡಿಮೆಯೇನಲ್ಲ. ಗ್ಯಾಸ್ಟ್ರಿಕ್‌ಗೆ ತಗೊಳ್ಳುವ ಒಮೆಪ್ರಜೋಲ್ ಕೂಡ ಆ ಕಿಣ್ವಕ್ಕೆ ಅಡ್ಡ ಬರುತ್ತದೆ. ಹೀಗಾಗಿ ಒಬ್ಬರಿಗೆ ಐದು ದಿನ ಬಿಟ್ಟರೂ ಸಾಲದು, ಇನ್ನೊಬ್ಬರಿಗೆ ಎರಡು-ಮೂರು ದಿನಕ್ಕೇ ಪ್ಲೇಟ್‌ಲೆಟ್ ಚೇತರಿಸಿಕೊಂಡಿರುತ್ತದೆ. ಐದು ದಿನ ಎಂಬುದು ಎಲ್ಲರಿಗೂ ಹೊಲಿದ ಒಂದೇ ಅಳತೆಯ ಅಂಗಿ. ಪರೀಕ್ಷೆ ಮಾಡಿದರೆ ಆ ಮನುಷ್ಯನ ಅಳತೆ ಸಿಗುತ್ತದೆ.

ರಕ್ತ ಬಸ್ಸಿನಲ್ಲಿ ಹೋಗಲ್ಲ, ಮನುಷ್ಯನೇ ಹೋಗಬೇಕು

ಕುಮಟಾ, ಹೊನ್ನಾವರ, ಭಟ್ಕಳದ ಲ್ಯಾಬ್‌ಗಳಲ್ಲಿ ಇಲ್ಲದ ಪರೀಕ್ಷೆ ಎಂದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಇಲ್ಲಿ ರಕ್ತ ತೆಗೆದು, ಐಸ್ ಡಬ್ಬಿಯಲ್ಲಿಟ್ಟು ಮಂಗಳೂರಿಗೋ ಬೆಂಗಳೂರಿಗೋ ಕಳಿಸುತ್ತಾರೆ, ನಾಳೆ ವಾಟ್ಸಾಪ್‌ನಲ್ಲಿ ರಿಪೋರ್ಟ್ ಬರುತ್ತದೆ. ಥೈರಾಯ್ಡ್‌ಗೆ, ವಿಟಮಿನ್‌ಗೆ ಅದು ನಡೆಯುತ್ತದೆ. ಪ್ಲೇಟ್‌ಲೆಟ್ ಪರೀಕ್ಷೆಗೆ ನಡೆಯುವುದಿಲ್ಲ. ಪ್ಲೇಟ್‌ಲೆಟ್‌ಗೆ ತಣ್ಣಗಾದರೆ ಆಗದು, ಐಸ್ ತಾಗಿದರೆ ತಾನಾಗಿಯೇ ಕೆರಳುತ್ತದೆ. ಅಲ್ಲಾಡಿಸಿದರೂ ಕೆಡುತ್ತದೆ. ರಕ್ತ ತೆಗೆದ ಮೇಲೆ ಕೋಣೆಯ ಉಷ್ಣತೆಯಲ್ಲೇ ಇಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು, ಸುಮಾರು ನಾಲ್ಕು ತಾಸಿನೊಳಗೆ ಪರೀಕ್ಷೆ ಮುಗಿಸಬೇಕು. ಹೆದ್ದಾರಿ 66ರ ಗುಂಡಿಗಳಲ್ಲಿ ಕುಲುಕುತ್ತಾ ಹೋದ ರಕ್ತದಿಂದ ಬಂದ ಸಂಖ್ಯೆಯನ್ನು ನಂಬಿ ಯಾರೂ ಚಾಕು ಹಿಡಿಯಲಾರರು.

ಅಂದರೆ ಪರೀಕ್ಷೆ ಬೇಕೆಂದರೆ ಯಂತ್ರ ಇರುವ ಊರಿಗೆ ರೋಗಿಯೇ ಹೋಗಬೇಕು. ಭಟ್ಕಳದವರಿಗೆ ಮಣಿಪಾಲ ತೊಂಬತ್ತು-ನೂರು ಕಿ.ಮೀ. ಕುಮಟಾದವರಿಗೆ ಅದರ ಮೇಲೆ ಇನ್ನೂ ಐವತ್ತು-ಅರವತ್ತು. ಹುಬ್ಬಳ್ಳಿಗೆ ಹೋಗುವುದಾದರೆ ಘಟ್ಟ ಹತ್ತಬೇಕು. ಈ ದಾರಿ ಎಂಥದ್ದು ಎಂದು ಇಲ್ಲಿಯವರಿಗೆ ಬರೆದು ತಿಳಿಸಬೇಕಾಗಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಜೀವ ಕಳೆದುಕೊಂಡರು. ಇದು ಬೈಂದೂರಿನ ಶಿರೂರು. 2024ರ ಜುಲೈ 16ರಂದು ಗುಡ್ಡ ಕುಸಿದು ಕಾರವಾರದ ದಾರಿಯೇ ಬಂದ್ ಆಗಿದ್ದು ಅಂಕೋಲೆಯ ಶಿರೂರಿನಲ್ಲಿ. ತೆಂಕಣಕ್ಕೊಂದು, ಬಡಗಣಕ್ಕೊಂದು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ಎದ್ದಿದ್ದು ಸುಮ್ಮನೆ ಅಲ್ಲ.

ಹಾಗಂತ ಎಲ್ಲರೂ ಈ ಪರೀಕ್ಷೆಗೆ ಓಡಬೇಕೆಂದಿಲ್ಲ. ನಿಜ ಹೇಳಬೇಕೆಂದರೆ ಹೆಚ್ಚಿನವರಿಗೆ ಬೇಡ. ಯಂತ್ರ ದೊಡ್ಡ ಹೃದಯ ಆಸ್ಪತ್ರೆಗಳಲ್ಲೂ ಎಲ್ಲ ಕಡೆ ಇರುವುದಿಲ್ಲ. ಕೇಳಿಕೊಂಡು ಹೋಗಬೇಕು. ಯುರೋಪ್ ಮತ್ತು ಅಮೆರಿಕದ ವೈದ್ಯಕೀಯ ಮಾರ್ಗಸೂಚಿಗಳೂ ಇದನ್ನು "ಮಾಡಿಸಲೇಬೇಕು" ಎಂದು ಹೇಳಿಲ್ಲ, ಹೃದಯದ ಬೈಪಾಸ್ ಆಪರೇಷನ್‌ಗೆ ಎಷ್ಟು ದಿನ ಕಾಯಬೇಕು ಎಂದು ತೀರ್ಮಾನಿಸಲು "ಪರಿಗಣಿಸಬಹುದು" ಎಂದಷ್ಟೇ ಹೇಳಿವೆ.

ಅಲ್ಲಿ ಮಾತ್ರ ಇದರ ಉಪಯೋಗ ಚೆನ್ನಾಗಿ ಕಂಡಿದೆ. ಹಾರ್ಟ್ ಅಟ್ಯಾಕ್ ಆಗಿ ಬಂದವರಿಗೆ ಮೊದಲು ಕ್ಲೊಪಿಡೊಗ್ರೆಲ್ ಕೊಟ್ಟಿರುತ್ತಾರೆ, ಆಮೇಲೆ ಆಂಜಿಯೋಗ್ರಾಂ ನೋಡಿದರೆ ಸ್ಟೆಂಟ್ ಸಾಲದು, ಬೈಪಾಸೇ ಬೇಕು ಎಂದಾಗುತ್ತದೆ. ಐದು ದಿನ ಆಸ್ಪತ್ರೆಯಲ್ಲೇ ಕಾಯಬೇಕು. ಆ ಐದು ದಿನದಲ್ಲಿ ಮತ್ತೆ ಅಟ್ಯಾಕ್ ಆದರೆ? 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪ್ಲೇಟ್‌ಲೆಟ್ ಪರೀಕ್ಷೆ ನೋಡಿ ಆಪರೇಷನ್ ದಿನ ಗೊತ್ತು ಮಾಡಿದರು. ಕಾಯುವ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, ರಕ್ತಸ್ರಾವ ಹೆಚ್ಚಾಗಲಿಲ್ಲ. ಐಸಿಯು ಬಿಲ್ ಕಟ್ಟುವ ಮನೆಯವರಿಗೆ ಎರಡು ದಿನ ಉಳಿದರೂ ಎಷ್ಟು ಉಳಿತಾಯ ಎಂದು ಲೆಕ್ಕ ಹಾಕಬಹುದು.

ಸೊಂಟದ ಮೂಳೆ ಮುರಿತ ಇನ್ನೊಂದು ಕಷ್ಟದ ಪ್ರಸಂಗ. ಹಿರಿಯರು ಹಾಸಿಗೆಯಲ್ಲಿ ಮಲಗಿದಷ್ಟು ದಿನ ನ್ಯುಮೋನಿಯಾ, ಬೆನ್ನಿನ ಹುಣ್ಣು, ಕಾಲಿನಲ್ಲಿ ಗಡ್ಡೆ ಒಂದೊಂದೇ ಶುರುವಾಗುತ್ತದೆ. ಆದಷ್ಟು ಬೇಗ, ಒಂದೆರಡು ದಿನದಲ್ಲೇ ಆಪರೇಷನ್ ಆಗಬೇಕು. ಆದರೆ ತಾಲೂಕು ಮಟ್ಟದಲ್ಲಿ ರೂಢಿ ಬೆನ್ನಿಗೆ ಚುಚ್ಚುವ ಅರಿವಳಿಕೆ. ಕ್ಲೊಪಿಡೊಗ್ರೆಲ್ ತಗೊಂಡವರಿಗೆ ಬೆನ್ನಿಗೆ ಚುಚ್ಚಿ, ಒಳಗೆ ರಕ್ತ ಸೋರಿ, ಬೆನ್ನುಹುರಿಯ ಇಕ್ಕಟ್ಟಿನ ಜಾಗದಲ್ಲಿ ಗಡ್ಡೆ ಕಟ್ಟಿದರೆ ಕಾಲಿನ ಬಲವೇ ಹೋಗಬಹುದು. ಅಪರೂಪ, ಆದರೆ ಆದರೆ ಹಿಂದೆ ಬರುವುದು ಕಷ್ಟ. ಅರಿವಳಿಕೆ ಡಾಕ್ಟರು ಹಿಂಜರಿಯುವುದು ಇಲ್ಲಿಗೆ. ಐದು ದಿನ ಕಾಯುವ ಬದಲು ಪೂರ್ತಿ ಪ್ರಜ್ಞೆ ತಪ್ಪಿಸಿ ಬೇಗ ಮಾಡುವುದೇ ಲೇಸು ಎಂಬುದು ಈಗಿನ ಮಾರ್ಗಸೂಚಿಗಳ ಒಲವು. ಅದಕ್ಕೆ ಐಸಿಯು ಇರಬೇಕು, ರಕ್ತ ಸಿಗಬೇಕು. "ಮೇಲಿನ ಆಸ್ಪತ್ರೆಗೆ ಹೋಗಿ" ಎಂದರೆ ಅದು ಜವಾಬ್ದಾರಿ ಜಾರಿಸಿದ್ದೇ ಆಗಿರಬೇಕೆಂದಿಲ್ಲ. ಸ್ಪೇನ್‌ನಲ್ಲಿ ಇಂಥ ರೋಗಿಗಳಿಗೆ ಪ್ಲೇಟ್‌ಲೆಟ್ ಪರೀಕ್ಷೆ ಮಾಡಿ ಕಾಯುವ ದಿನ ಕಡಿಮೆ ಮಾಡಿದ್ದಾರೆ. ನಮ್ಮಲ್ಲಿ ಮೂಳೆ ವಿಭಾಗದವರೆಗೆ ಆ ಯಂತ್ರ ಬಂದಿಲ್ಲ.

"ಪ್ಲೇಟ್‌ಲೆಟ್ ಬಾಟಲಿ ಹಾಕಿ ಆಪರೇಷನ್ ಮಾಡಿ" ಎಂದು ಕೇಳುವವರೂ ಇದ್ದಾರೆ. ತುರ್ತಿನಲ್ಲಿ ಹಾಕುವುದುಂಟು. ಆದರೆ ಪ್ಲೇಟ್‌ಲೆಟ್ ಚೀಲವನ್ನು ಅಲ್ಲಾಡಿಸುತ್ತಲೇ ಇಡುವ ಯಂತ್ರದಲ್ಲಿ, ಸಾಮಾನ್ಯ ಉಷ್ಣತೆಯಲ್ಲಿ, ಐದೇ ದಿನ ಇಡಬಹುದು. ಸಣ್ಣ ರಕ್ತ ಶೇಖರಣಾ ಘಟಕಗಳಲ್ಲಿ ಅದು ಸಿಗುವುದಿಲ್ಲ. ಟಿಕಾಗ್ರೆಲಾರ್ ತಗೊಂಡವರಿಗೆ ಹಾಕಿದರೂ, ಮೊದಲ ದಿನ ರಕ್ತದಲ್ಲೇ ಓಡಾಡುತ್ತಿರುವ ಔಷಧ ಹೊಸ ಪ್ಲೇಟ್‌ಲೆಟ್‌ಗಳನ್ನೂ ಹಿಡಿದು ಕಟ್ಟುತ್ತದೆ.

ತಾನೇ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯ

ಇಷ್ಟು ಓದಿದವರಿಗೆ, ಆಪರೇಷನ್ ಬರುವ ಸೂಚನೆ ಇದ್ದರೆ ಗುಳಿಗೆ ಮೊದಲೇ ನಿಲ್ಲಿಸಿಬಿಡೋಣ ಅನ್ನಿಸಬಹುದು. ಹಾಗೆ ಮಾಡಬಾರದು. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ಎರಡೂ ಗುಳಿಗೆ ಒಟ್ಟಿಗೇ ನಿಂತರೆ ಸ್ಟೆಂಟಿನೊಳಗೆ ಗಡ್ಡೆ ಕಟ್ಟಿ ದೊಡ್ಡ ಹಾರ್ಟ್ ಅಟ್ಯಾಕ್ ಆಗಬಹುದು. ಆ ಥರದ ಅಟ್ಯಾಕ್‌ನಿಂದ ಬದುಕಿ ಬರುವುದು ಕಷ್ಟ. ಅದಕ್ಕೇ ತುರ್ತಿಲ್ಲದ ಆಪರೇಷನ್ ಆದರೆ ಸ್ಟೆಂಟ್ ಹಾಕಿ ಆರು ತಿಂಗಳಾದರೂ ಕಳೆಯಲಿ, ಹಾರ್ಟ್ ಅಟ್ಯಾಕ್ ಆಗಿ ಹಾಕಿದ್ದರೆ ವರ್ಷ ಕಳೆಯಲಿ ಎನ್ನುತ್ತಾರೆ. ಹರ್ನಿಯಾ ಕಾಯುತ್ತದೆ, ಸ್ಟೆಂಟ್ ಕಾಯುವುದಿಲ್ಲ. ಆಪರೇಷನ್ ಮಾಡಲೇಬೇಕಾದರೆ ಹೆಚ್ಚಿನ ಸಲ ಕ್ಲೊಪಿಡೊಗ್ರೆಲ್ ಬಿಡಿಸಿ ಆಸ್ಪಿರಿನ್ ಮುಂದುವರಿಸುತ್ತಾರೆ. ಮೆದುಳು, ಬೆನ್ನುಹುರಿಯಂಥ ಇಕ್ಕಟ್ಟಿನ ಜಾಗದ ಆಪರೇಷನ್‌ಗಳ ಲೆಕ್ಕ ಬೇರೆ. ಯಾವುದನ್ನು ಎಷ್ಟು ದಿನ ಎಂಬುದನ್ನು ಹೃದಯದ ಡಾಕ್ಟರು, ಸರ್ಜನ್, ಅರಿವಳಿಕೆ ಡಾಕ್ಟರು ಮೂವರೂ ಮಾತಾಡಿಕೊಂಡು ಹೇಳಬೇಕು. ಗುಳಿಗೆ ಬಿಟ್ಟ ದಿನಗಳಲ್ಲಿ ಹೊಟ್ಟೆಗೆ ಹೆಪಾರಿನ್ ಇಂಜೆಕ್ಷನ್ ಕೊಟ್ಟರೆ ಸ್ಟೆಂಟ್‌ಗೆ ರಕ್ಷಣೆ ಆಯಿತು ಎಂಬ ನಂಬಿಕೆಯೂ ಇದೆ. ಅದು ಗಾರೆಯ ಔಷಧ, ಕಲ್ಲಿನದ್ದಲ್ಲ. ಗುಳಿಗೆಯ ಜಾಗ ತುಂಬುವುದಿಲ್ಲ.

ಅನವಶ್ಯಕವಾಗಿ ಗುಳಿಗೆ ಬಿಡುವುದು ಹೆಚ್ಚು ನಡೆಯುವುದು ಎರಡು ಕಡೆ, ಹಲ್ಲು ಕೀಳಿಸುವಾಗ ಮತ್ತು ಕಣ್ಣಿನ ಪೊರೆಯ ಕ್ಯಾಂಪಿಗೆ ಹೋಗುವಾಗ. ಹಲ್ಲು ಕಿತ್ತ ಜಾಗವನ್ನು ಒತ್ತಿ, ಹೊಲಿಗೆ ಹಾಕಿ ರಕ್ತ ನಿಲ್ಲಿಸಬಹುದು. ಪೊರೆ ಆಪರೇಷನ್‌ನಲ್ಲಿ ರಕ್ತ ಹೋಗುವುದೇ ತೀರಾ ಕಡಿಮೆ. ಎರಡಕ್ಕೂ ಸಾಮಾನ್ಯವಾಗಿ ಗುಳಿಗೆ ನಿಲ್ಲಿಸುವುದಿಲ್ಲ. "ಹಲ್ಲು ಕೀಳಿಸೋದಿದೆ, ಈ ವಾರ ಇಕೋಸ್ಪ್ರಿನ್ ಬೇಡ" ಎಂದು ಕೌಂಟರಿನಲ್ಲಿ ಯಾರಾದರೂ ಹೇಳಿದರೆ ಮೆಡಿಕಲ್ ಶಾಪ್‌ನವರು ಒಂದು ಮಾತು ಕೇಳಬಹುದು, "ಬಿಡಿ ಅಂತ ಡಾಕ್ಟರು ಹೇಳಿದ್ರಾ, ಅಕ್ಕಪಕ್ಕದವರು ಹೇಳಿದ್ದಾ?" ಮೈಕೈ ನೋವಿಗೆ ಚೀಟಿ ಇಲ್ಲದೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಡುವಾಗಲೂ ಹಾಗೇ. ಅವೂ ಪ್ಲೇಟ್‌ಲೆಟ್‌ಗೆ ಕೈ ಹಾಕುತ್ತವೆ. ಐಬುಪ್ರೊಫೆನ್ ಆಸ್ಪಿರಿನ್ನಿನ ಕೆಲಸಕ್ಕೂ ಅಡ್ಡ ಬರುತ್ತದೆ.

ಭಟ್ಕಳದ ಕಡೆ ಇನ್ನೊಂದು ತೊಡಕಿದೆ. ಮಕ್ಕಳು ದುಬೈ, ಸೌದಿಯಲ್ಲಿರುವ ಮನೆಗಳಲ್ಲಿ ಅಬ್ಬಾನ ಗುಳಿಗೆ ಅಲ್ಲಿಂದಲೇ ಬರುತ್ತದೆ. ಪ್ಲಾವಿಕ್ಸ್ ಅಂದರೆ ಕ್ಲೊಪಿಡೊಗ್ರೆಲ್, ಆಸ್ಪಿರಿನ್ ಪ್ರೊಟೆಕ್ಟ್ ಅಂದರೆ ಆಸ್ಪಿರಿನ್. ಅಲ್ಲಿಂದ ತಂದ ಡಬ್ಬಿ ಖಾಲಿಯಾದ ಮೇಲೆ ಇಲ್ಲಿಯ ಡಾಕ್ಟರ ಚೀಟಿಯಂತೆ ಕ್ಲೊಪಿಲೆಟ್ ಶುರು ಮಾಡುತ್ತಾರೆ, ಅಷ್ಟರಲ್ಲಿ ಮಗ ರಜೆಗೆ ಬಂದು ಮತ್ತೆ ಪ್ಲಾವಿಕ್ಸ್ ಕೊಡುತ್ತಾನೆ. ಬಣ್ಣ ಬೇರೆ, ಹೆಸರು ಬೇರೆ, ಔಷಧ ಒಂದೇ. ಎರಡೂ ಒಟ್ಟಿಗೆ ಹೊಟ್ಟೆಗೆ ಹೋಗುತ್ತದೆ. ಸ್ಟ್ರಿಪ್‌ನ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಮೂಲ ಹೆಸರನ್ನು ಓದುವ ಅಭ್ಯಾಸ ಮನೆಯಲ್ಲಿ ಒಬ್ಬರಿಗಾದರೂ ಇರಬೇಕು. ಕಣ್ಣಿಗೆ ಕಾಣದಿದ್ದರೆ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರಾಯಿತು.

ಮಣಿಪಾಲದ ಯಂತ್ರ ಕೊಡುವ ಸಂಖ್ಯೆಗಿಂತ ಹೆಚ್ಚು ಸಲ ಉಪಯೋಗಕ್ಕೆ ಬರುವುದು ಮನೆಯವರ ಬಾಯಿಂದ ಬರುವ ನಾಲ್ಕು ಮಾತು. ಗುಳಿಗೆಯ ಮೂಲ ಹೆಸರು ಮತ್ತು ಎಷ್ಟು ಮಿಲಿಗ್ರಾಂ, ಕೊನೆಯದು ಯಾವ ದಿನ ಎಷ್ಟು ಹೊತ್ತಿಗೆ ತಗೊಂಡಿದ್ದು, ಸ್ಟೆಂಟ್ ಹಾಕಿದ ತಾರೀಕು, ಎಲ್ಲಿ ಹಾಕಿದ್ದು. ಸ್ಟೆಂಟ್ ಹಾಕಿದಾಗ ಆಸ್ಪತ್ರೆಯಲ್ಲಿ ಒಂದು ಕಾರ್ಡ್ ಅಥವಾ ಡಿಸ್ಚಾರ್ಜ್ ಸಮ್ಮರಿ ಕೊಟ್ಟಿರುತ್ತಾರೆ. ಅದು ಕಪಾಟಿನಲ್ಲಿ ಜಮೀನಿನ ಕಾಗದದ ಜೊತೆ ಭದ್ರವಾಗಿದ್ದರೆ ರಾತ್ರಿ ಹನ್ನೊಂದಕ್ಕೆ ಆಂಬುಲೆನ್ಸ್ ಹತ್ತುವಾಗ ಪ್ರಯೋಜನಕ್ಕೆ ಬರುವುದಿಲ್ಲ. ಅದರ ಫೋಟೋ ಮನೆಯ ಎಲ್ಲರ ಫೋನಿನಲ್ಲೂ ಇರಲಿ, ದುಬೈನಲ್ಲಿರುವ ಮಗನ ಫೋನಿನಲ್ಲಿ ಮಾತ್ರ ಅಲ್ಲ. ಗುಳಿಗೆ ತಪ್ಪಿಸಿದ್ದರೆ ಅದನ್ನೂ ಹೇಳಬೇಕು. ಬೈಯುತ್ತಾರೆ ಎಂದು "ದಿನಾ ತಗೊಳ್ತಾರೆ" ಎಂದರೆ ಐದು ದಿನ ಸುಮ್ಮನೆ ಕಾಯಿಸುತ್ತಾರೆ. ತಗೊಂಡಿದ್ದನ್ನು ಮುಚ್ಚಿಟ್ಟರೆ ಅದಕ್ಕಿಂತ ಕಷ್ಟ.

ಆಪರೇಷನ್ ಸುಸೂತ್ರ ಮುಗಿದ ಮೇಲೂ ಒಂದು ಪ್ರಶ್ನೆ ಬಾಕಿ ಇರುತ್ತದೆ. ನಿಲ್ಲಿಸಿದ ಗುಳಿಗೆ ಮತ್ತೆ ಶುರು ಯಾವಾಗ? ರಕ್ತಸ್ರಾವದ ಭಯ ಇಲ್ಲದಿದ್ದರೆ ಒಂದರಿಂದ ಮೂರು ದಿನದೊಳಗೆ ಶುರು ಮಾಡಿಸುವುದು ರೂಢಿ. ಆದರೆ ಮನೆಗೆ ಕಳಿಸುವಾಗ ಕೊಡುವ ಚೀಟಿಯಲ್ಲಿ ನೋವಿನದ್ದು, ಆ್ಯಂಟಿಬಯಾಟಿಕ್, ಗ್ಯಾಸ್ಟ್ರಿಕ್‌ನದ್ದು ಇದ್ದು ಹಾರ್ಟಿನ ಗುಳಿಗೆಯ ಹೆಸರು ಬಿಟ್ಟುಹೋಗಿರಬಹುದು. ಹೊಲಿಗೆ ಬಿಚ್ಚುವವರೆಗೆ ಬೇಡವೇನೋ ಎಂದು ಮನೆಯವರು ಸುಮ್ಮನಿರುತ್ತಾರೆ, ತಿಂಗಳು ಕಳೆಯುತ್ತದೆ. ಡಿಸ್ಚಾರ್ಜ್ ದಿನ ಬಿಲ್ ಕಟ್ಟಿ ಹೊರಡುವ ಮುಂಚೆ ವಾರ್ಡಿನಲ್ಲೇ ನಿಂತು, "ಕ್ಲೊಪಿಡೊಗ್ರೆಲ್ ಯಾವತ್ತಿಂದ ಶುರು ಮಾಡ್ಬೇಕು ಡಾಕ್ಟ್ರೇ?" ಎಂದು ಕೇಳಿ, ತಾರ್ೀಖನ್ನು ಅದೇ ಚೀಟಿಯ ಮೇಲೆ ಬರೆಸಿಕೊಂಡು ಬರಬೇಕು.